ಸಣ್ಣ ಊರಲ್ಲಿ ಇತಿಹಾಸ ಬಳಗ ಕಟ್ಟಿ ಮ್ಯೂಸಿಯಂ ನಡೆಸೋದು ಹೇಗೆ: ಬೀರು ಆಮೇಲೆ ತಗೊಳ್ಳಿ, ಮೊದ್ಲು ಒಂದು ಲಾಂಗ್ ಬುಕ್ ತಗೊಳ್ಳಿ

ಮ್ಯೂಸಿಯಂ ಮಾಡೋಣ ಅಂತ ನಾಲ್ಕು ಜನ ಸೇರಿದ ಕೂಡ್ಲೇ ಯಾರಾದ್ರೂ ಒಬ್ರು ಗಾಜಿನ ಬೀರುಗೆ ಆರ್ಡರ್ ಕೊಟ್ಟಿರ್ತಾರೆ, ನಾವೂ ಕೊಟ್ಟಿದ್ವಿ. ಅದರ ಜೊತೆಗೆ ವಾಟ್ಸಾಪ್ ಗ್ರೂಪಲ್ಲಿ "ಮನೇಲಿ ಹಳೇ ಸಾಮಾನು ಇದ್ರೆ ತಂದ್ಕೊಡಿ" ಅಂತ ಒಂದು ಮೆಸೇಜೂ ಹಾಕಿದ್ವಿ. ಮೂರೇ ವಾರದಲ್ಲಿ ಒಂಬತ್ತು ಬೀಸೋಕಲ್ಲು, ಹನ್ನೊಂದು ಲಾಟೀನು, ಮುಚ್ಚಳ ಇಲ್ಲದ ತಾಮ್ರದ ಹಂಡೆ, ಓಡದೇ ಇರೋ ಗೋಡೆ ಗಡಿಯಾರಗಳು, ಯಾರೋ ಪುಣ್ಯಾತ್ಮರು ಕೆಟ್ಟುಹೋದ ಮಿಕ್ಸಿನೂ ತಂದಿಟ್ಟು ಹೋದ್ರು. ಆರು ತಿಂಗಳು ಕಳೆದ ಮೇಲೆ ಒಬ್ರು ಅಜ್ಜಿ ಮೊಮ್ಮಗಳನ್ನ ಕರ್ಕೊಂಡು ಬಂದು "ಇದ್ರಲ್ಲಿ ನಮ್ಮನೇ ಕಲ್ಲು ಯಾವುದಪ್ಪಾ, ಇವಳಿಗೆ ತೋರ್ಸು" ಅಂದ್ರು. ಒಂಬತ್ತು ಕಲ್ಲಿನ ಮುಂದೆ ನಿಂತ್ಕೊಂಡು ನಾವು ಒಬ್ರ ಮುಖ ಒಬ್ರು ನೋಡಿದ್ವಿ. ಯಾರೂ ಬರೆದಿಟ್ಟಿರಲಿಲ್ಲ. ಅಜ್ಜಿ ಪಾಪ ಏನೂ ಅನ್ನಲಿಲ್ಲ, "ಇರ್ಲಿ ಬಿಡು, ಎಲ್ಲಾ ಕಲ್ಲೂ ಒಂದೇ ಥರ ಇರ್ತಾವೆ" ಅಂದು ಹೋದ್ರು. ಅವತ್ತು ಗೊತ್ತಾಯ್ತು, ನಾವು ಮಾಡಿದ್ದು ಮ್ಯೂಸಿಯಂ ಅಲ್ಲ, ಗುಜರಿ ಅಂಗಡಿ ಅಂತ.

ನಮ್ಮದು ಮಲೆನಾಡಿನ ಅಂಚಿನ ತಾಲ್ಲೂಕು, ಶರಾವತಿ ಮುಳುಗಡೆಯಿಂದ ಎದ್ದು ಬಂದ ಮನೆಗಳು ಸುಮಾರಿವೆ. 1948ರ ಹಿರೇಭಾಸ್ಕರ ಡ್ಯಾಮಿಗೆ ಒಂದಿಷ್ಟು ಊರು ಹೋಯ್ತು, 1964ರ ಲಿಂಗನಮಕ್ಕಿಗೆ ಹಿರೇಭಾಸ್ಕರ ಡ್ಯಾಮೇ ಮುಳುಗಿಹೋಯ್ತು, ಬೇಸಿಗೇಲಿ ನೀರು ತೀರಾ ಇಳಿದಾಗ ಈಗಲೂ ಮಡೆನೂರಲ್ಲಿ ತಲೆ ಎತ್ತತ್ತೆ. ಈ ಮನೆಯವರು ಲಾರೀಲಿ ಹೇರ್ಕೊಂಡು ಬಂದ ಒಂದು ಮರಿಗೆ, ಒಂದು ಬಾಗಿಲು, ಒಂದು ಕಡೆಗೋಲು ಇದೆ ನೋಡಿ, ಅದು ಯಾವ ಊರಿಂದ ಬಂತು ಅನ್ನೋ ಒಂದು ಸಾಲು ಇಲ್ಲದಿದ್ರೆ ಬರೀ ಸೌದೆ. ಆ ಊರು ಈಗ ನೀರಿನ ಕೆಳಗಿದೆ, ಅಲ್ಲಿಗೆ ಹೋಗಿ ಕೇಳೋದಕ್ಕೂ ಆಗಲ್ಲ. ಅದಕ್ಕೇ ಈ ಬರಹದಲ್ಲಿ ಪುಸ್ತಕದ ವಿಷಯ ಜಾಸ್ತಿ, ಬೀರುವಿನ ವಿಷಯ ಕಮ್ಮಿ.

ಪುಸ್ತಕ

ದಪ್ಪ ರಟ್ಟಿನ, ಹೊಲಿಗೆ ಹಾಕಿದ ಲಾಂಗ್ ಬುಕ್ ತಗೊಳ್ಳಿ, ಸ್ಪೈರಲ್ ಬೇಡ, ಹಾಳೆ ಕಿತ್ತು ಬರತ್ತೆ. ಪುಟಗಳಿಗೆ ಮೊದಲೇ ನಂಬರ್ ಹಾಕಿ. ಎಕ್ಸೆಲ್ ಶೀಟು ಬೇಕು, ಅದನ್ನ ಬೇರೆ ಮಾಡ್ಕೊಳ್ಳಿ, ಆದ್ರೆ ಶೀಟ್ ಮಾಡಿದ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದ ದಿನ ಪಾಸ್‌ವರ್ಡೂ ಅವನ ಜೊತೆಗೇ ಹೋಗತ್ತೆ, ಪುಸ್ತಕ ಮಾತ್ರ ಇಲ್ಲೇ ಇರತ್ತೆ.

ಪ್ರತಿ ವಸ್ತುವಿಗೂ ಬಂದ ವರ್ಷ ಮತ್ತೆ ಸರದಿ ನಂಬರ್ ಕೊಡಿ, 2023-17 ಅಂದ್ರೆ ಆ ವರ್ಷ ಬಂದ ಹದಿನೇಳನೇ ಸಾಮಾನು, ಅಷ್ಟೇ. ಕೆಲವರು ಕಬ್ಬಿಣಕ್ಕೆ ಒಂದು ಅಕ್ಷರ, ಮರಕ್ಕೆ ಇನ್ನೊಂದು ಅಂತ ಏನೇನೋ ಮಾಡ್ತಾರೆ, ಮರದ ಹಿಡಿ ಇರೋ ಕಬ್ಬಿಣದ ಕತ್ತಿ ಬಂದಾಗ ಜಗಳ ಶುರು. ಆ ಸಾಲಲ್ಲಿ ವಸ್ತುವಿನ ಹೆಸರು ಬರೀಬೇಕಾದ್ರೆ ಕೊಟ್ಟವರು ಏನಂತಾರೋ ಅದನ್ನೇ ಬರೀರಿ. ನಾವು ಒಂದು ಸಲ "ಅಡಿಕೆ ಸುಲಿಯುವ ಸಾಧನ" ಅಂತ ಗ್ರಂಥಸ್ಥವಾಗಿ ಬರೆದಿದ್ವಿ, ಊರಲ್ಲಿ ಅದನ್ನ ಮೆಟ್ಟುಗತ್ತಿ ಅಂತಾರೆ, ಮುಂದಿನ ತಲೆಮಾರಿಗೆ ಕತ್ತಿ ಉಳಿದು ಹೆಸರೇ ಹೋಗ್ಬಿಟ್ರೆ ಏನು ಬಂತು. ಆಮೇಲೆ ಉದ್ದ ಅಗಲ, ಏನಾದ್ರೂ ಒಡೆದಿದ್ರೆ ಅದು, ಕೊಟ್ಟವರ ಹೆಸರು, ಯಾವ ಊರು, ಅವರಿಗೆ ಯಾರಿಂದ ಬಂತು, ಯಾರು ಉಪಯೋಗಿಸ್ತಿದ್ರು, ಕೊನೇ ಸಲ ಯಾವಾಗ ಉಪಯೋಗಿಸಿದ್ರು. ಈ ಕೊನೇ ಪ್ರಶ್ನೆ ಮರೀಬೇಡಿ. "ಕೊನೇ ಸಲ ಯಾವಾಗ" ಅಂತ ಕೇಳಿದ್ರೆ ಜನ ಇಸವಿ ಹೇಳಲ್ಲ, "ಊರಿಗೆ ಮಿಲ್ಲು ಬಂತಲ್ಲ, ಆಮೇಲೆ ಯಾರು ಬೀಸ್ತಾರೆ" ಅಂತಾರೆ, ಹಾಗೆ ಮಿಲ್ಲು ಬಂದಿದ್ದು, ಮಿಲ್ಲಿನವರು ಯಾರು, ಬೀಸೋ ಪದ ಹೇಳ್ತಿದ್ದವರು ಯಾರು ಅಂತ ಒಂದಕ್ಕೊಂದು ಬಿಚ್ಕೊಳ್ಳತ್ತೆ. ಅದನ್ನೂ ಅವರ ಮಾತಲ್ಲೇ ಬರ್ಕೊಳ್ಳಿ.

ನಂಬರನ್ನ ವಸ್ತುವಿನ ಮೇಲೆ ಪೇಂಟಲ್ಲಿ ಬಳೀಬೇಡಿ, ಮಾರ್ಕರ್ ಅಂತೂ ಬೇಡವೇ ಬೇಡ. ಹತ್ತಿ ದಾರದಲ್ಲಿ ಗಟ್ಟಿ ಕಾಗದದ ಚೀಟಿ ಕಟ್ಟಿ, ಪೆನ್ಸಿಲ್ಲಲ್ಲಿ ಬರೀರಿ. ಪೆನ್ನಿನ ಇಂಕು ನಮ್ಮ ಮಳೆಗಾಲದ ತೇವಕ್ಕೆ ಹರಡತ್ತೆ, ಪೆನ್ಸಿಲ್ ಹಾಗಾಗಲ್ಲ. ನಾಲ್ಕೂ ಕಡೆಯಿಂದ ಫೋಟೋ ತೆಗೀರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು. ದೇವರು ಮಾಡಿ ಕಳ್ಳತನ ಆಗೋದು ಬೇಡ, ಆದ್ರೆ ಪೊಲೀಸರ ಹತ್ರ ಹೋಗಿ "ಒಂದು ಹಳೇ ದೀಪ ಸಾರ್" ಅಂದ್ರೆ ಅವರು ತಾನೇ ಏನು ಹುಡುಕ್ತಾರೆ.

ಕೊಡೋರ ಹತ್ರ ಒಂದು ದಾನಪತ್ರಕ್ಕೆ ಸಹಿ ಹಾಕಿಸ್ಕೊಳ್ಳಿ, ಅರ್ಧ ಪುಟ ಸಾಕು: ಈ ವಸ್ತು ನನ್ನದು, ಬಳಗಕ್ಕೆ ಪೂರ್ತಿಯಾಗಿ ಕೊಡ್ತಿದ್ದೀನಿ, ವಾಪಸ್ ಕೇಳಲ್ಲ, ಪ್ರದರ್ಶನಕ್ಕೆ ಇಡೋದು ಬಿಡೋದು ಬಳಗಕ್ಕೆ ಬಿಟ್ಟಿದ್ದು. ಅಣ್ಣತಮ್ಮಂದಿರು ಇರೋ ಮನೆಯಾದ್ರೆ ಇಬ್ಬರದ್ದೂ ಸಹಿ ತಗೊಳ್ಳಿ, ಪಾಲಾಗದೇ ಇರೋ ಆಸ್ತಿ ಅಂತ ಆಮೇಲೆ ತಲೆನೋವು ಬರೋದು ಇಲ್ಲೇ. "ಸದ್ಯಕ್ಕೆ ನಿಮ್ಮ ಹತ್ರ ಇರ್ಲಿ, ಬೇಕಾದಾಗ ತಗೊಂಡು ಹೋಗ್ತೀನಿ" ಅನ್ನೋರಿಗೆ ನಗ್ತಾ ನಗ್ತಾ ಬೇಡ ಅನ್ನಿ, ನೀವು ಅವರ ಅಟ್ಟ ಅಲ್ಲ. ತೀರಾ ಬೇಕು ಅನ್ನಿಸಿದ್ರೆ ಇಂತಿಷ್ಟು ತಿಂಗಳಿಗೆ ಎರವಲು ಅಂತ ತಾರೀಖು ಹಾಕಿ ಬರ್ಕೊಳ್ಳಿ. ಹತ್ತನೇ ಲಾಟೀನಿಗೂ ಬೇಡ ಅನ್ನೋದನ್ನ ಕಲೀಬೇಕು, ಇದು ಎಲ್ಲಕ್ಕಿಂತ ಕಷ್ಟ, ಬೇಜಾರು ಮಾಡ್ಕೋತಾರೆ. ನಾವು ಈಗ "ಲಾಟೀನು ನಿಮ್ಮನೇಲೇ ಇರ್ಲಿ ಅತ್ತಿಗೆ, ಅದರ ಕತೆ ಹೇಳಿ, ಫೋಟೋ ತಗೋತೀವಿ" ಅಂತೀವಿ. ಎಷ್ಟೋ ಸಲ ಅಷ್ಟೇ ಸಾಕಾಗತ್ತೆ.

ಸಂಘ, ಜಾಗ, ಮತ್ತೆ ಮುಟ್ಟಬಾರದ ಸಾಮಾನು

ಸಂಘ ನೋಂದಣಿ ಆಗೋದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಕೆಳಗೆ, ಕನಿಷ್ಠ 7 ಜನ ಬೇಕು, ಜಿಲ್ಲಾ ನೋಂದಣಾಧಿಕಾರಿ ಆಫೀಸಿಗೆ ಬೈಲಾ, ಉದ್ದೇಶಗಳ ಪಟ್ಟಿ, ಸದಸ್ಯರ ವಿವರ ಕೊಡ್ಬೇಕು. ಅದಾದ ಮೇಲೆ ವರ್ಷಾ ವರ್ಷಾ ಸರ್ವಸದಸ್ಯರ ಸಭೆ, ಆಡಿಟ್, ಪದಾಧಿಕಾರಿಗಳ ಪಟ್ಟಿ ಕೊಡೋದು ಇದ್ದೇ ಇರತ್ತೆ, ಇದನ್ನ ಮರೆತ ಸಂಘಗಳು ಎಷ್ಟಿವೆಯೋ. ಬೈಲಾದಲ್ಲಿ ಒಂದು ಸಾಲು ತಪ್ಪದೇ ಸೇರಿಸಿ, ಬಳಗ ಮುಚ್ಚಿಹೋದ್ರೆ ವಸ್ತುಗಳು ಯಾರಿಗೆ ಹೋಗ್ಬೇಕು ಅಂತ, ಸರ್ಕಾರಿ ಮ್ಯೂಸಿಯಮ್ಮೋ ವಿಶ್ವವಿದ್ಯಾಲಯವೋ. ಅಪಶಕುನ ಅಂತ ಒಬ್ರು ತಕರಾರು ತೆಗೆದಿದ್ರು ನಮ್ಮಲ್ಲಿ, ಬರೆದ್ವಿ. ಅಧ್ಯಕ್ಷರು ಯಾರು ಬೇಕಾದ್ರೂ ಆಗ್ಲಿ, ಹಾರ ಹಾಕಿಸ್ಕೊಳ್ಳೋದಕ್ಕೆ ಒಬ್ರು ಬೇಕೇ ಬೇಕು, ಆದ್ರೆ ಆ ಪುಸ್ತಕ ಬರೆಯೋರು ಮಾತ್ರ ತಾಳ್ಮೆ ಇರೋರು ಆಗ್ಬೇಕು. ನಮಗೆ ಸಿಕ್ಕಿದ್ದು ರಿಟೈರಾದ ಒಬ್ಬ ಪೋಸ್ಟ್‌ಮನ್ನು, ತಾಲ್ಲೂಕಿನ ಮನೆಮನೆ ಹೆಸರು ಬಾಯಲ್ಲಿದೆ, ಅಕ್ಷರ ಮುತ್ತು.

ಜಾಗ ಅಂದ್ರೆ ಮುಚ್ಚಿದ ಸ್ಕೂಲು, ಹಳೇ ಛತ್ರ, ತಾಲ್ಲೂಕು ಬೋರ್ಡ್ ಕಾಲದ ಕಟ್ಟಡ ಯಾವುದಾದ್ರೂ ಇರತ್ತೆ. ಪಟ್ಟಣ ಪಂಚಾಯ್ತೀಲಿ ಯಾರೋ ಬಾಯಿಮಾತಲ್ಲಿ "ಇಟ್ಕೊಳ್ರಿ" ಅಂದ್ರೆ ಸಾಲದು, ಸಭೆಯ ನಡಾವಳೀಲಿ ಬಂದು, ಎಷ್ಟು ವರ್ಷಕ್ಕೆ, ಕರೆಂಟ್ ಬಿಲ್ ಯಾರು ಕಟ್ಟೋದು ಅಂತ ಕಾಗದ ಆಗ್ಬೇಕು. ಇದು ಆಗದೇ ನಾವು ಒಂದು ಸಲ ಎಲೆಕ್ಷನ್ ಸಾಮಾನು ಇಡೋಕೆ ಅಂತ ಎರಡೇ ದಿನದಲ್ಲಿ ಜಾಗ ಖಾಲಿ ಮಾಡಿದ್ದೀವಿ, ಓಲೆಗರಿ ಕಟ್ಟುಗಳು ನಮ್ಮ ಖಜಾಂಚಿ ಮನೆ ದೇವರಕೋಣೇಲಿ ಎರಡು ತಿಂಗಳು ಇದ್ವು.

ಇನ್ನು ಕಾನೂನು. 1972ರ ಪುರಾವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ಶಿಲ್ಪ, ಲೋಹದ ವಿಗ್ರಹ, ನಾಣ್ಯ ಇಂಥವೆಲ್ಲಾ ಪುರಾವಸ್ತು, ಹಸ್ತಪ್ರತಿಗಳಾದ್ರೆ 75 ವರ್ಷಕ್ಕೇ. ಇದ್ರಲ್ಲಿ ಶಿಲ್ಪ, ವಿಗ್ರಹ, ಚಿತ್ರ ಇರೋ ಹಸ್ತಪ್ರತಿ ಥರದ ಕೆಲವನ್ನ ನೋಂದಣಿ ಮಾಡಿಸ್ಲೇಬೇಕು. ಮನೆಯ ಒರಳುಕಲ್ಲಿಗೆ ಯಾರೂ ಬರಲ್ಲ ಬಿಡಿ, ಆದ್ರೆ ರಾತ್ರಿ ಹೊತ್ತು ಯಾರೋ ಗೋಣಿಚೀಲದಲ್ಲಿ ಪಂಚಲೋಹದ ಮೂರ್ತಿ ತಂದು "ಸುಮ್ನೆ ಇಟ್ಕೊಳ್ಳಿ ಸಾರ್, ಹೆಸರು ಬೇಡ" ಅಂದ್ರೆ ಬಾಗಿಲು ಹಾಕಿ. ಮನೆ ಪಾಯ ತೆಗೆಯುವಾಗ, ಹೊಲ ಉಳುವಾಗ ಕುಡಿಕೇಲಿ ನಾಣ್ಯ ಸಿಕ್ರೆ ಅದು ನಿಧಿ ಕಾಯ್ದೆಗೆ ಬರತ್ತೆ, ಸಿಕ್ಕವರಿಗೆ ಬುದ್ಧಿ ಹೇಳಿ ತಹಶೀಲ್ದಾರರಿಗೆ ಇಲ್ಲಾ ಡಿಸಿ ಆಫೀಸಿಗೆ ತಿಳಿಸೋದಷ್ಟೇ ನಿಮ್ಮ ಕೆಲಸ. ಹೊಲದ ಬದುವಿನ ವೀರಗಲ್ಲನ್ನ ಟ್ರ್ಯಾಕ್ಟರಲ್ಲಿ ಹೇರ್ಕೊಂಡು ಬಂದು ಮ್ಯೂಸಿಯಂ ಅಂಗಳದಲ್ಲಿ ನಿಲ್ಲಿಸೋ ಉತ್ಸಾಹ ಇರತ್ತಲ್ಲ, ಅದನ್ನೂ ಸ್ವಲ್ಪ ತಡ್ಕೊಳ್ಳಿ. ಆ ಕಲ್ಲು ಅಲ್ಲೇ ಯಾಕಿದೆ ಅನ್ನೋದೂ ಇತಿಹಾಸವೇ, ತುರು ಕಾಯೋಕೆ ಹೋಗಿ ಸತ್ತವನ ಕಲ್ಲು ಊರಬಾಗಿಲಲ್ಲೇ ಇರ್ಬೇಕು. ರಸ್ತೆ ಅಗಲ ಮಾಡ್ತಾರೆ, ಜೆಸಿಬಿ ಬರತ್ತೆ ಅಂತಾದ್ರೆ ಮಾತ್ರ ಪುರಾತತ್ವ ಇಲಾಖೆಗೆ ಪತ್ರ ಬರೆದು, ಪಂಚಾಯ್ತಿ ಒಪ್ಪಿಗೆ ತಗೊಂಡು, ಮೊದಲಿದ್ದ ಜಾಗದ ಲೊಕೇಶನ್, ಯಾವ ದಿಕ್ಕಿಗೆ ಮುಖ ಇತ್ತು ಅನ್ನೋದು ಬರ್ಕೊಂಡು ಆಮೇಲೆ ಕದಲಿಸಿ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕಿದ ಕಿತ್ತಯ್ಯನ ವೀರಗಲ್ಲು, ಸುಮಾರು ಕ್ರಿ.ಶ. 750ರದ್ದು, ಜನಾನೇ ಸೇರಿ ಅದಕ್ಕೆ ಅಲ್ಲೇ ಮಂಟಪ ಮಾಡಿದ್ರು. ಹಲ್ಮಿಡಿಯಲ್ಲೂ ಮೂಲ ಕಲ್ಲು ಮೈಸೂರಿಗೆ ಹೋದ ಮೇಲೆ ಊರಲ್ಲಿ ಅದರ ಪ್ರತಿ ನಿಲ್ಲಿಸಿದ್ದಾರೆ.

ಶಾಸನ ಹುಡುಕೋರಿಗೆ

"ನಮ್ಮೂರ ಕಲ್ಲನ್ನ ಯಾರೂ ಓದಿಲ್ಲ" ಅಂತ ಪೇಪರಿನವರಿಗೆ ಫೋನ್ ಮಾಡೋಕೆ ಮುಂಚೆ ಎಪಿಗ್ರಾಫಿಯಾ ಕರ್ನಾಟಿಕಾ, ಅಂದ್ರೆ ಊರೂರಿನ ಶಾಸನ ಓದಿ ಅಚ್ಚು ಹಾಕಿಸಿದ ಸಂಪುಟಗಳನ್ನ ತೆಗೆದು ನೋಡಿ. ಮೈಸೂರು ಪುರಾತತ್ವ ಇಲಾಖೇಲಿದ್ದ ಬಿ.ಎಲ್. ರೈಸ್ ಹಳೇ ಮೈಸೂರು ಸೀಮೆ ಪೂರ್ತಿ ಜಾಲಾಡಿಬಿಟ್ಟಿದ್ದಾರೆ, ಹಳೇ ಸಂಪುಟಗಳು ಆನ್‌ಲೈನಲ್ಲಿ ಪುಕ್ಕಟೆ ಸಿಗ್ತವೆ. ಶಿವಮೊಗ್ಗ ಜಿಲ್ಲೆದು 7 ಮತ್ತೆ 8ನೇ ಸಂಪುಟ, ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ಏಳರಲ್ಲಿ, ಸೊರಬ, ಸಾಗರ, ನಗರ, ತೀರ್ಥಹಳ್ಳಿ ಎಂಟರಲ್ಲಿ. ತಾಲ್ಲೂಕುವಾರು ನಂಬರ್ ಇರತ್ತೆ, ತಾಳಗುಂದದ ಕಂಬದ ಶಾಸನ ಅಂದ್ರೆ ಶಿಕಾರಿಪುರ 176, ಹಾಗೆ. ಹೊಸನಗರದವರು ಹೊಸನಗರ ಅಂತ ಹುಡುಕಿ ಸಿಗಲಿಲ್ಲ ಅಂತಾರೆ, ಆಗ ಅದು ನಗರ ತಾಲ್ಲೂಕು. ಹೊನ್ನಾಳಿ, ಚನ್ನಗಿರಿ ಈಗ ದಾವಣಗೆರೆ ಜಿಲ್ಲೆ, ಅಲ್ಲಿಯವರು ಶಿವಮೊಗ್ಗ ಸಂಪುಟವನ್ನೇ ನೋಡ್ಬೇಕು. ಧಾರವಾಡ, ಬಳ್ಳಾರಿ, ಮಂಗಳೂರು ಕಡೆಯವರಿಗೆ ಇದ್ರಲ್ಲಿ ಏನೂ ಸಿಗಲ್ಲ, ಅವರು ಬೇರೆ ಸರ್ಕಾರದ ಕೆಳಗಿದ್ರಲ್ಲ, ಅವರಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಸಂಪುಟಗಳು. ಪುಸ್ತಕದಲ್ಲಿ ಇದೆ, ಊರಲ್ಲಿ ಕಲ್ಲು ಇಲ್ಲ ಅಂತಾದ್ರೆ ಅದೇ ನಿಜವಾದ ಕೆಲಸ, ಎಲ್ಲಿ ಹೋಯ್ತು ಅಂತ ಹುಡುಕಿ. ನಾವು ಒಂದನ್ನ ಬಟ್ಟೆ ಒಗೆಯೋ ಕಲ್ಲಾಗಿರೋದನ್ನ ಕಂಡಿದ್ದೀವಿ, ಅಕ್ಷರದ ಮುಖ ಕೆಳಗಿದ್ದಿದ್ದಕ್ಕೆ ಬಚಾವಾಗಿತ್ತು.

ಅಕ್ಷರ ಕಾಣಲಿ ಅಂತ ಮೈದಾ ಹಿಟ್ಟು, ಸುಣ್ಣ, ರಂಗೋಲಿ ಪುಡಿ ತಿಕ್ಕೋದು, ತಂತಿ ಬ್ರಷ್ಷಲ್ಲಿ ಉಜ್ಜೋದು, ಎನಾಮಲ್ ಪೇಂಟ್ ಬಳಿಯೋದು ಯಾವುದೂ ಬೇಡ. ನೀರು ಹಾಕಿ ಮೆತ್ತನೆ ತೆಂಗಿನ ನಾರಿನ ಬ್ರಷ್ಷಲ್ಲಿ ಮಣ್ಣು ತೆಗೆದು, ಕತ್ತಲಾದ ಮೇಲೆ ಒಂದು ಟಾರ್ಚನ್ನ ಕಲ್ಲಿನ ಪಕ್ಕಕ್ಕೆ, ಹೆಚ್ಚುಕಮ್ಮಿ ಕಲ್ಲಿಗೆ ಒರಗಿಸಿದ ಹಾಗೆ ಹಿಡಿದು ನೋಡಿ, ಹಗಲಲ್ಲಿ ಏನೂ ಕಾಣದ ಕಲ್ಲಲ್ಲಿ ಸಾಲು ಸಾಲು ಎದ್ದು ಬರತ್ತೆ. ನಮ್ಮ ಹುಡುಗರು ಈ ಕೆಲಸಕ್ಕೆ ಮಾತ್ರ ಕರೀದೇ ಬರ್ತಾರೆ.

ಮಳೆಗಾಲ ಅನ್ನೋ ಶತ್ರು

ಕಳ್ಳರಿಗಿಂತ ಜಾಸ್ತಿ ಹಾಳು ಮಾಡೋದು ಜೂನ್‌ನಿಂದ ಸೆಪ್ಟೆಂಬರ್ ತನಕದ ತೇವ. ರ‍್ಯಾಕು ಗೋಡೆಗೆ ತಾಗಬಾರದು, ಒಂದು ಗೇಣಾದ್ರೂ ಜಾಗ ಬಿಡಿ, ಗಾಳಿ ಆಡತ್ತೆ, ಒರಲೆ ಹತ್ತಿದ್ರೂ ಕಣ್ಣಿಗೆ ಕಾಣತ್ತೆ. ನೆಲದ ಮೇಲೆ ಏನನ್ನೂ ಇಡಬೇಡಿ. ಪ್ಲಾಸ್ಟಿಕ್ ಕವರಲ್ಲಿ ಸುತ್ತಿಟ್ರೆ ಸೇಫು ಅಂತ ಅಂದ್ಕೋತೀವಿ, ಒಳಗೆ ಬೆವರಿ ಬೂಸಲು ಬರತ್ತೆ, ತೊಳೆದು ಗಂಜಿ ತೆಗೆದ ಹತ್ತಿ ಬಟ್ಟೇನೇ ಒಳ್ಳೇದು. ಬೂಸಲು ಬಂದಿದ್ರೆ ಒದ್ದೆ ಬಟ್ಟೇಲಿ ಒರೆಸ್ಬೇಡಿ, ನೆರಳಲ್ಲಿ ಒಣಗಿಸಿ, ಹೊರಗೆ ತಂದು, ಮಾಸ್ಕ್ ಹಾಕ್ಕೊಂಡು ಮೆತ್ತನೆ ಬ್ರಷ್ಷಲ್ಲಿ ತೆಗೀರಿ. ಹಳೇ ಕಂಬಳಿ, ಸೀರೆ, ಪುಸ್ತಕಕ್ಕೆ ಹುಳ ಹೊಡೆದಿದ್ರೆ ಒಂದು ಉಪಾಯ ಇದೆ, ಗಾಳಿ ಹೋಗದ ಹಾಗೆ ಪ್ಲಾಸ್ಟಿಕ್ಕಲ್ಲಿ ಸುತ್ತಿ (ಇಲ್ಲಿ ಮಾತ್ರ ಪ್ಲಾಸ್ಟಿಕ್ ಬೇಕು) ಡೀಪ್ ಫ್ರೀಜರಲ್ಲಿ ಎರಡು ವಾರ ಇಡಿ, ಹುಳ ಮೊಟ್ಟೆ ಸಮೇತ ಸಾಯತ್ತೆ. ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಲೇಬಾರದು, ತಣ್ಣಗಿರೋವಾಗಲೇ ಬಿಚ್ಚಿದ್ರೆ ನೀರು ಕೂರತ್ತೆ. ಐಸ್‌ಕ್ರೀಂ ಅಂಗಡಿ ಅಣ್ಣನ್ನ ಒಪ್ಪಿಸೋದು ನಿಮ್ಮ ಸಾಮರ್ಥ್ಯ.

ಹಿತ್ತಾಳೆ ತಾಮ್ರವನ್ನ ಹುಣಸೆಹಣ್ಣಲ್ಲಿ ಫಳಫಳ ತಿಕ್ಕಿದ್ರೆ ನೋಡೋಕೆ ಚಂದ, ಆದ್ರೆ ಪ್ರತಿ ಸಲ ಲೋಹ ಸವೆಯತ್ತೆ, ಮೇಲೆ ಕೆತ್ತಿರೋ ಹೆಸರೂ ಸವೆಯತ್ತೆ. ಹಳೇ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು, ಮದುವೆ ತಾರೀಖು ಚುಕ್ಕಿ ಚುಕ್ಕಿಯಾಗಿ ಕೊರೆಸಿರ್ತಾರೆ, ಅದೇ ನಿಮಗೆ ಬೇಕಾಗಿರೋದು, ಒಣ ಬಟ್ಟೇಲಿ ಒರೆಸಿ ಬಿಡಿ. ಕಾಗದಕ್ಕೆ ಲ್ಯಾಮಿನೇಷನ್, ಸೆಲ್ಲೋಟೇಪ್, ಫೆವಿಕಾಲ್ ಮೂರೂ ವಿಷ. ಓಲೆಗರಿಯನ್ನ ಬಲವಂತವಾಗಿ ಬಿಡಿಸಬೇಡಿ, ಅದಕ್ಕೆ ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚೋ ಕ್ರಮ ಇದೆ, ಗೊತ್ತಿರೋರ ಕೈಲೇ ಮಾಡಿಸಿ. ಕಡತ ಸಿಕ್ರೆ ಇನ್ನೂ ಹುಷಾರು, ಹುಣಸೆಬೀಜದ ಅಂಟು, ಇದ್ದಿಲು ಬಳಿದ ಕಪ್ಪು ಬಟ್ಟೆ ಮೇಲೆ ಬಳಪದಲ್ಲಿ ಬರೆದಿದ್ದು, ಬೆರಳಲ್ಲಿ ಒರೆಸಿದ್ರೆ ಇನ್ನೂರು ವರ್ಷದ ಲೆಕ್ಕ ಅಳಿಸಿಹೋಗತ್ತೆ. ಧೂಳಿದೆ ಅಂತ ಒದ್ದೆ ಬಟ್ಟೆ ತಗೊಂಡ ಒಬ್ರನ್ನ ನಾನೇ ಕೈ ಹಿಡಿದು ನಿಲ್ಲಿಸಿದ್ದೀನಿ.

ಫೋಟೋ ಆಲ್ಬಂಗಳನ್ನ ಯಾರೂ ಕೊಡಲ್ಲ, ಕೊಡೋದೂ ಬೇಡ. ಸಂತೆ ದಿನ ಒಂದು ಟೇಬಲ್ಲು, ಒಂದು ಸ್ಕ್ಯಾನರ್ ಇಟ್ಕೊಂಡು ಕೂತ್ಕೊಳ್ಳಿ, ಎದುರಿಗೇ 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ ಕೈಗೆ ವಾಪಸ್ ಕೊಟ್ಬಿಡಿ, ಅವರ ಮೊಬೈಲಿಗೂ ಒಂದು ಕಾಪಿ ಹಾಕಿ. ಫೋಟೋದಲ್ಲಿರೋರು ಎಡದಿಂದ ಬಲಕ್ಕೆ ಯಾರ್‍ಯಾರು ಅಂತ ಆ ಹೊತ್ತಲ್ಲೇ ಕೇಳಿ ಬರ್ಕೊಳ್ಳಿ, ಮುಂದಿನ ವಾರ ಅಂದ್ರೆ ಆ ಹಿರೀಕರು ಇರ್ತಾರೋ ಇಲ್ವೋ.

ಯಾರ ಇತಿಹಾಸ

ಒಂದು ವರ್ಷ ಆದ್ಮೇಲೆ ಪುಸ್ತಕ ತಿರುವಿ ಹಾಕಿದಾಗ ನಮಗೇ ನಾಚಿಕೆ ಆಗಿದ್ದು ಏನಂದ್ರೆ, ಕೊಟ್ಟವರ ಹೆಸರೆಲ್ಲಾ ಪಟೇಲರ ಮನೆ, ಶಾನುಭೋಗರ ಮನೆ, ತೋಟದವರು, ಅಂಗಡಿಯವರು. ಹಳೇ ಸಾಮಾನು ಇಟ್ಕೊಳ್ಳೋಕೆ ಅಟ್ಟ ಇದ್ದವರ ಇತಿಹಾಸ ಮಾತ್ರ ಬಂದಿತ್ತು. ಕೂತ್ಕೊಂಡು ಕಾದ್ರೆ ಹೀಗೇ ಆಗೋದು, ಕೇರಿಗಳಿಗೆ ನೀವೇ ಹೋಗ್ಬೇಕು. ದೀವರ ಮನೆಗಳಲ್ಲಿ ಗೋಡೆ ಮೇಲೆ ಹಸೆ ಚಿತ್ತಾರ ಬರೆಯೋ ಅಕ್ಕಂದಿರು, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಮೇಲೆ ಚಿತ್ತಾರ ಬರೆಯೋರು, ಹೆರಿಗೆ ಮಾಡಿಸ್ತಿದ್ದ ಸೂಲಗಿತ್ತಿ, ಹಲಗೆ ಬಾರಿಸೋರು, 1974ರ ಭೂ ಸುಧಾರಣೇಲಿ ಡಿಕ್ಲರೇಷನ್ ಕೊಟ್ಟು ಜಮೀನು ಪಡೆದ ಗೇಣಿದಾರರು. ಅವರ ಹತ್ರ ವಸ್ತು ಇಲ್ದೇ ಇರ್ಬಹುದು, ಮಾತಿದೆ. ಮೊಬೈಲಲ್ಲೇ ರೆಕಾರ್ಡ್ ಮಾಡಿ, ಫ್ಯಾನ್ ಆರಿಸಿ, ಟಿವಿ ಆರಿಸೋಕೆ ಹೇಳಿ, ಶುರುವಲ್ಲಿ ಹೆಸರು, ಊರು, ತಾರೀಖು ಹೇಳಿ, ಇದನ್ನ ಎಲ್ಲಿ ಕೇಳಿಸ್ಬಹುದು ಅಂತ ಒಪ್ಪಿಗೆ ತಗೊಳ್ಳಿ. "ಸ್ವಾತಂತ್ರ್ಯದ ಬಗ್ಗೆ ಹೇಳಿ ಅಜ್ಜಾ" ಅಂದ್ರೆ ಭಾಷಣ ಬರತ್ತೆ. "ಆಗ ನೀರು ಎಲ್ಲಿಂದ ತರ್ತಿದ್ರಿ, ನಿಮಗೆ ಯಾವ ಬಾವಿಗೆ ಬಿಡ್ತಿರಲಿಲ್ಲ" ಅಂತ ಕೇಳಿ ನೋಡಿ. ಎರಡು ಗಂಟೆ ಕೂತ್ಕೊಳ್ಳೋಕೆ ತಯಾರಿರ್ಬೇಕು. ಕೊಡೋ ಕಾಫಿ ಕುಡೀರಿ, ಬೇಡ ಅನ್ಬೇಡಿ, ಎಲ್ಲೆಲ್ಲಿ ಬೇಡ ಅಂದ್ರಿ ಅನ್ನೋದನ್ನ ಕೇರಿಯವರು ನೆನಪಿಟ್ಕೊಂಡಿರ್ತಾರೆ.

ಬಾಗಿಲು ತೆಗೆಯೋದು

ದಿನಾ ತೆಗೀತೀವಿ ಅಂತ ಬೋರ್ಡ್ ಬರೆಸಿ ಬೀಗ ನೇತಾಡಿದ್ರೆ ಜನ ಎರಡನೇ ಸಲ ಬರಲ್ಲ. ಭಾನುವಾರ ಬೆಳಗ್ಗೆ, ಸಂತೆ ದಿನ ಮಧ್ಯಾಹ್ನ, ಅಷ್ಟೇ ತೆಗೀರಿ, ಆದ್ರೆ ತಪ್ಪಿಸ್ಬೇಡಿ. ಕೀಲಿ ಇಬ್ಬರ ಹತ್ರ ಇರ್ಲಿ. ಚೀಟಿಗಳನ್ನ ದೊಡ್ಡಕ್ಷರದಲ್ಲಿ, ನಾಲ್ಕೈದು ಸಾಲಲ್ಲಿ ಮುಗಿಸಿ, ಕೊಟ್ಟವರ ಮಾತು ಒಂದಾದ್ರೂ ಇರ್ಲಿ. ಪಾಂಡವರು ಕಟ್ಟಿದ್ದು, ಜಕಣಾಚಾರಿ ಕೆತ್ತಿದ್ದು ಅಂತ ಊರವರು ಹೇಳೋದನ್ನ ಅಳಿಸಿ ಹಾಕ್ಬೇಡಿ, "ಊರಲ್ಲಿ ಹೀಗನ್ನುತ್ತಾರೆ" ಅಂತ ಬರೆದು, ಕೆಳಗೆ "ಶಾಸನದಲ್ಲಿ ಹೀಗಿದೆ" ಅಂತ ಬರೀರಿ, ಎರಡೂ ಓದ್ಕೊಂಡು ಹೋಗ್ತಾರೆ. ಆ ಒಂಬತ್ತು ಬೀಸೋಕಲ್ಲಲ್ಲಿ ಒಂದನ್ನ ಮಕ್ಕಳಿಗೆ ಬೀಸೋಕೆ ಅಂತಾನೇ ಬಿಟ್ಟಿದ್ದೀವಿ, ಪಕ್ಕದಲ್ಲಿ ಒಂದು ಡಬ್ಬಿ ರಾಗಿ. ಸ್ಕೂಲಿಂದ ಬಂದ ಮಕ್ಕಳು ಗಾಜಿನ ಬೀರು ಕಡೆ ತಿರುಗಿಯೂ ನೋಡಲ್ಲ.

ಇನ್ನೊಂದೇ ಒಂದು ಕೆಲಸ, ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ, ಮಳೆ ಹಿಡಿಯೋಕೆ ಮುಂಚೆ, ಪುಸ್ತಕ ಹಿಡ್ಕೊಂಡು ಒಬ್ರು ನಂಬರ್ ಕೂಗೋದು, ಇನ್ನೊಬ್ರು ವಸ್ತು ಹುಡುಕಿ ತೋರ್ಸೋದು. 18ನೇ ತಾರೀಖು ಅಂತಾರಾಷ್ಟ್ರೀಯ ಮ್ಯೂಸಿಯಂ ದಿನ, ಭಾಷಣದ ಬದಲು ನಾವು ಅವತ್ತು ಇದನ್ನೇ ಮಾಡೋದು. ಹೋದ ಸಲ ಎಲ್ಲಾ ಸಿಕ್ತು, ಒಂದು ಹಿತ್ತಾಳೆ ಪಾವು ಮಾತ್ರ ಇಲ್ಲ. ಮೂರು ಸಲ ಹುಡುಕಿ, ದಾನಪತ್ರ ತೆಗೆದು, ಕೊಟ್ಟ ಮನೆಯವರಿಗೆ ಏನು ಹೇಳೋದು ಅಂತ ತಲೆ ಮೇಲೆ ಕೈ ಹೊತ್ತು ಕೂತಾಗ ನಮ್ಮ ಪೋಸ್ಟ್‌ಮನ್ನರು ಟೀ ಮಾಡೋಕೆ ಅಂತ ಹಿಂದಿನ ಕೋಣೆಗೆ ಹೋದ್ರು, ಸಕ್ಕರೆ ಡಬ್ಬಿ ಮುಚ್ಚಳ ತೆಗೆದ್ರೆ ಅದರೊಳಗೇ ಇತ್ತು, ಚೀಟಿ ಸಮೇತ. ಯಾರು ಹಾಕಿದ್ದು ಅಂತ ಇವತ್ತಿನ ತನಕ ಯಾರೂ ಒಪ್ಕೊಂಡಿಲ್ಲ. ಅವರು ಪಾವನ್ನ ಒಣ ಬಟ್ಟೇಲಿ ಒರೆಸಿ, ಪುಸ್ತಕದಲ್ಲಿ ಆ ನಂಬರಿನ ಸಾಲಿಗೆ, "ಕೊನೇ ಸಲ ಉಪಯೋಗಿಸಿದ್ದು" ಅನ್ನೋ ಕಡೆ, ಹಳೇದನ್ನ ಹೊಡೆದುಹಾಕಿ ಹೊಸ ತಾರೀಖು ಬರೆದ್ರು.